ಪದಚರ್ಚೆ: ಹಣೆಬರಹನಾ, ಹಣೆಪಟ್ಟಿನಾ? ಅಪರಾಧಶಾಸ್ತ್ರದ ಪಾಠಕ್ಕೆ ಕೆಲವು ಪದ ಬೇಕು

ಎಲ್ಲರಿಗೂ ನಮಸ್ಕಾರ,

ನಾನು ಹುಬ್ಬಳ್ಳಿಲಿ ಡಿಗ್ರಿ ಮಕ್ಕಳಿಗೆ ಸಮಾಜಶಾಸ್ತ್ರ ಹೇಳಿಕೊಡ್ತೀನಿ, ನಮ್ಮೂರು ತಿಪಟೂರು ಕಡೆ, ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಮನುಷ್ಯ ಯಾಕೆ ಅಪರಾಧ ಮಾಡ್ತಾನೆ ಅನ್ನೋದಕ್ಕೆ ಇರೋ ಥಿಯರಿಗಳನ್ನ ಈ ಸೆಮಿಸ್ಟರಲ್ಲಿ ಕನ್ನಡ ಮೀಡಿಯಂ ಹುಡುಗರಿಗೆ ನೋಟ್ಸ್ ಮಾಡಿಕೊಡ್ತಾ ಇದೀನಿ, ಅದರಲ್ಲಿ ಕೆಲವು ಪದ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿವೆ, ನಿಮ್ಮನ್ನ ಕೇಳದೆ ಮುಂದಕ್ಕೆ ಹೋಗೋಕೆ ಮನಸ್ಸು ಬರ್ತಿಲ್ಲ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ ಉತ್ತರ ಬರೀರಿ.

ಮುಖ್ಯವಾದ್ದು ಲೇಬಲಿಂಗ್ ಥಿಯರಿ, ಅಂದ್ರೆ ಉಳಿದೋರು ಒಬ್ಬನಿಗೆ ಕಳ್ಳ ಅಂತ ಹೆಸರು ಅಂಟಿಸೋದೇ ಅವನನ್ನ ಆ ದಾರಿಗೆ ತಳ್ಳತ್ತೆ ಅನ್ನೋ ವಾದ. ನನಗೆ ಸಿಕ್ಕ ಹಳೇ ನೋಟ್ಸಲ್ಲಿ ಇದಕ್ಕೆ ‘ನಾಮಕರಣ ಸಿದ್ಧಾಂತ’ ಅಂತ ಇತ್ತು, ಅದನ್ನೇ ಬೋರ್ಡ್ ಮೇಲೆ ಬರೆದೆ. ಹುಡುಗರು ನೋಟ್‌ಬುಕ್ಕಿಗೆ ಇಳಿಸ್ಕೊಂಡ್ರು, ಆದ್ರೆ ನಾಮಕರಣ ಅಂದ್ರೆ ನಮಗೆ ತೊಟ್ಟಿಲು, ಸೋದರತ್ತೆ ಕಿವಿಲಿ ಹೆಸರು ಹೇಳೋದು, ಪೆಪ್ಪರ್‌ಮೆಂಟು ಹಂಚೋದು, ಇಷ್ಟೇ ನೆನಪಾಗೋದು. ಕೊನೇ ಬೆಂಚಿನ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದವನು, ಎದ್ದು ನಿಂತು ‘ಮೇಡಂ, ಅದಕ್ಕ ಹಣೆಪಟ್ಟಿ ಅಂತ ಬರೀರಿ, ನಮ್ಮ ಓಣ್ಯಾಗ ಎಲ್ಲಾರಿಗೂ ತಿಳೀತದ’ ಅಂದ. ಅವನ ಓಣಿ ಇರೋದು ಸೆಟ್ಲಮೆಂಟಲ್ಲಿ.

ಹುಬ್ಬಳ್ಳಿ ಗೊತ್ತಿಲ್ಲದೋರಿಗೆ ಇದನ್ನ ಸ್ವಲ್ಪ ಹೇಳ್ಬೇಕು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದ್ರು, ಅದರ ಪ್ರಕಾರ ಒಂದು ಇಡೀ ಜಾತಿನೋ ಬುಡಕಟ್ಟನ್ನೋ ಅಪರಾಧಿ ಅಂತ ಘೋಷಿಸಬಹುದಿತ್ತು, ಯಾರು ಏನು ಮಾಡಿದ್ರು ಅನ್ನೋ ವಿಚಾರಣೆನೇ ಬೇಕಿರಲಿಲ್ಲ, ಹುಟ್ಟಿದ್ರೆ ಸಾಕಾಗಿತ್ತು. ಆಮೇಲೆ ಮುಂಬೈ ಪ್ರೆಸಿಡೆನ್ಸಿ ಸರ್ಕಾರ ಹುಬ್ಬಳ್ಳಿ, ಗದಗ, ವಿಜಯಪುರದಲ್ಲೆಲ್ಲ ಸೆಟ್ಲಮೆಂಟ್ ಮಾಡಿ ಇಂಥ ಜನರನ್ನ ತಂದಿಟ್ಟಿತು, ಹೊರಗೆ ಹೋಗೋಕೆ ಪಾಸ್ ಬೇಕು, ಹೊತ್ತಿಗೆ ಸರಿಯಾಗಿ ಹಾಜರಿ ಕೊಡಬೇಕು. ಕಾಯ್ದೆ 1952ರಲ್ಲಿ ರದ್ದಾಯ್ತು, ಆದರೆ ‘ಸೆಟ್ಲಮೆಂಟ್’ ಅನ್ನೋ ಪದ ಮಾತ್ರ ಹುಬ್ಬಳ್ಳಿ ಜನರ ಬಾಯಲ್ಲಿ ಜಾಗದ ಹೆಸರಾಗಿ ಹಾಗೇ ಉಳೀತು. ಆ ಹುಡುಗನ ಅಣ್ಣ ಒಂದು ಅಂಗಡಿಗೆ ಕೆಲಸ ಕೇಳೋಕೆ ಹೋದಾಗ ಅಡ್ರೆಸ್ ಹೇಳೋವರೆಗೂ ಎಲ್ಲ ಸರಿ ಇತ್ತಂತೆ, ಅಡ್ರೆಸ್ ಹೇಳಿದ ಮೇಲೆ ‘ಫೋನ್ ಮಾಡ್ತೀವಿ’ ಅಂದ್ರಂತೆ. ಅವತ್ತಿಂದ ಮನೆಯವರೆಲ್ಲ ಪಕ್ಕದ ಬಡಾವಣೆ ಹೆಸರು ಹೇಳ್ತಾರಂತೆ. ಅವನು ಇದನ್ನ ಕ್ಲಾಸಲ್ಲಿ ಹೇಳಲಿಲ್ಲ, ಆಮೇಲೆ ಸ್ಟಾಫ್ ರೂಂ ಬಾಗಿಲ ಹತ್ರ ನಿಂತು ಹೇಳಿದ, ಕೈಯಲ್ಲಿ ನೋಟ್‌ಬುಕ್ ಸುರುಳಿ ಸುತ್ತುತ್ತಾ.

ಹಾಗಾಗಿ ನನ್ನ ಮೊದಲನೇ ಪ್ರಶ್ನೆ: ಲೇಬಲಿಂಗ್ ಥಿಯರಿಗೆ ‘ಹಣೆಪಟ್ಟಿ ಸಿದ್ಧಾಂತ’ ಅಂತ ಬರೆದ್ರೆ ತಪ್ಪಾಗತ್ತಾ? ನನಗಂತೂ ಇದು ಮೂಲಕ್ಕಿಂತ ಚೆನ್ನಾಗಿದೆ ಅನ್ಸತ್ತೆ. ಲೇಬಲ್ ಡಬ್ಬಿ ಮೇಲೆ ಅಂಟಿಸೋದು, ಹಣೆಪಟ್ಟಿ ಮನುಷ್ಯನ ಹಣೆಗೆ ಕಟ್ಟೋದು, ಕಟ್ಟಿಸ್ಕೊಂಡವನಿಗೆ ಅದು ಕಾಣಲ್ಲ, ಎದುರಿಗೆ ಬಂದೋರಿಗೆಲ್ಲ ಮೊದಲು ಕಾಣೋದೇ ಅದು.

ಎರಡನೇದು ಇದರ ಬೆನ್ನಿಗೇ ಬರತ್ತೆ. ಇಟಲಿಯ ಲೊಂಬ್ರೋಸೊ ಅನ್ನೋ ಡಾಕ್ಟರು ವಿಲ್ಲೆಲ್ಲಾ ಅನ್ನೋ ಒಬ್ಬ ಕಳ್ಳನ ತಲೆಬುರುಡೆ ತೆಗೆದು ನೋಡಿದಾಗ ಹಿಂಭಾಗದ ಒಳಗಡೆ ಒಂದು ತಗ್ಗು ಕಾಣಿಸ್ತು, ಅದರ ಮೇಲೆ ಇಡೀ ಸಿದ್ಧಾಂತ ಕಟ್ಟಿ 1876ರಲ್ಲಿ ಪುಸ್ತಕ ಬರೆದ, ಅಪರಾಧಿ ಅಂದ್ರೆ ವಿಕಾಸದಲ್ಲಿ ಹಿಂದೆ ಉಳಿದ ಮನುಷ್ಯ, ದೊಡ್ಡ ದವಡೆ, ವಿಚಿತ್ರ ಕಿವಿ, ಉದ್ದ ಕೈ, ನೋಡಿದ ಕೂಡಲೇ ಗುರುತು ಹಿಡೀಬಹುದು ಅಂತ. 1913ರಲ್ಲಿ ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಜೈಲುಗಳಲ್ಲಿದ್ದ ಸುಮಾರು 3,000 ಕೈದಿಗಳ ಅಳತೆ ತಗೊಂಡು ಬೇರೆ ಜನರ ಜೊತೆ ಹೋಲಿಸಿ, ಹಾಗೊಂದು ಮುಖಲಕ್ಷಣ ಇಲ್ಲವೇ ಇಲ್ಲ ಅಂತ ತೋರಿಸಿದ. ಈ ‘ಬಾರ್ನ್ ಕ್ರಿಮಿನಲ್’ಗೆ ‘ಜನ್ಮಜಾತ ಅಪರಾಧಿ’ ಅಂತ ಬರೆಯೋದು ರೂಢಿ. ನನಗೆ ‘ಹುಟ್ಟುಗಳ್ಳ’ ಅಂತ ಬರೀಬೇಕು ಅನ್ಸತ್ತೆ, ಹುಟ್ಟುಗುರುಡ, ಹುಟ್ಟುಕಿವುಡ ಇದ್ದ ಹಾಗೆ. ಆದರೆ ಲೊಂಬ್ರೋಸೊ ಕೊಲೆಗಾರರನ್ನೂ ಸೇರಿಸಿಯೇ ಹೇಳಿದ್ದು, ಹುಟ್ಟುಗಳ್ಳ ಅಂದ್ರೆ ಕಳ್ಳತನಕ್ಕೆ ಮಾತ್ರ ಆಗಿಬಿಡತ್ತಾ? ಇಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಈ ಸಿದ್ಧಾಂತ ಹೇಳುವಾಗ ಕ್ಲಾಸಲ್ಲಿ ಯಾರೂ ಆಶ್ಚರ್ಯ ಪಡಲಿಲ್ಲ, ಅದು ನನಗೆ ಬೇಜಾರಾಯ್ತು. ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತ ಮೂರು ಜನ ಒಟ್ಟಿಗೇ ಹೇಳಿದ್ರು. ಹಣೆಬರಹ ಅನ್ನೋ ಪದ ನಮ್ಮಲ್ಲಿ ಅಷ್ಟು ಆಳದಲ್ಲಿದೆ. ಅದಕ್ಕೇ ನಾನು ಬೋರ್ಡಿನ ಒಂದು ಕಡೆ ಹಣೆಬರಹ, ಇನ್ನೊಂದು ಕಡೆ ಹಣೆಪಟ್ಟಿ ಅಂತ ಬರೆದೆ, ಹುಟ್ಟುವಾಗಲೇ ಬರೆದಿರತ್ತೆ ಅನ್ನೋನು ಲೊಂಬ್ರೋಸೊ, ಆಮೇಲೆ ನಾವು ನೀವು ಕಟ್ಟಿದ್ದು ಅನ್ನೋನು ಲೇಬಲಿಂಗ್ ಥಿಯರಿಯ ಹೊವರ್ಡ್ ಬೆಕರ್. ಎರಡೂ ಹಣೆ ಮೇಲೇನೇ ಇರೋದು, ಆದರೆ ಒಂದನ್ನ ಬಿಚ್ಚಬಹುದು. ಅವತ್ತು ಪಾಠ ಚೆನ್ನಾಗಿ ನಡೀತು. 1871ರ ಕಾಯ್ದೆ ಲೊಂಬ್ರೋಸೊ ಪುಸ್ತಕಕ್ಕಿಂತ ಐದು ವರ್ಷ ಮುಂಚಿನದು ಅನ್ನೋದನ್ನೂ ಹೇಳಿದೆ, ಅಲ್ಲಿ ತಲೆಬುರುಡೆ ವಾದ ಅಲ್ಲ ನಡೆದದ್ದು, ನೇಕಾರನ ಮಗ ನೇಕಾರ, ಬಡಗಿ ಮಗ ಬಡಗಿ, ಹಾಗೇ ಈ ದೇಶದಲ್ಲಿ ಕಳ್ಳನ ಮಗ ಕಳ್ಳ ಅನ್ನೋ ಜಾತಿ ಲೆಕ್ಕ.

ಬೆಕರ್ 1963ರಲ್ಲಿ ಬರೆದದ್ದರ ಸಾರ ಏನಪ್ಪಾ ಅಂದ್ರೆ, ಒಂದು ಕೆಲಸ ತಾನಾಗೇ ದಾರಿತಪ್ಪಿದ್ದು ಆಗಲ್ಲ, ಉಳಿದೋರು ಅದಕ್ಕೆ ಹಾಗಂತ ಹೆಸರಿಟ್ಟು ಅದನ್ನ ಮಾಡಿದವನ ಮೇಲೆ ಆ ಹೆಸರು ಕೂರಿಸಿದಾಗ ಆಗತ್ತೆ. ಇದನ್ನ ವಿವರಿಸೋಕೆ ಕನ್ನಡಕ್ಕಿಂತ ಒಳ್ಳೇ ಭಾಷೆ ಬೇಕಾ? ತಾಯಿ ಮಗುನ ಎತ್ಕೊಂಡು ‘ಅಯ್ಯೋ ನನ್ ಕಳ್ಳಾ’ ಅಂತಾಳೆ. ಕೃಷ್ಣ ಬೆಣ್ಣೆ ಕಳ್ಳ, ಅವನಿಗೆ ಪೂಜೆ. ಸೋಮಾರಿ ಮೈಗಳ್ಳ, ಅವನು ಏನೂ ಕದ್ದಿಲ್ಲ. ಅದೇ ‘ಕಳ್ಳ’ ಅನ್ನೋ ಎರಡಕ್ಷರನ ಒಬ್ಬ ಪೇದೆ ಬೀದೀಲಿ ನಿಂತು ಒಬ್ಬ ಹುಡುಗನಿಗೆ ಹೇಳಿದ್ರೆ ಅವನ ಬದುಕೇ ಬೇರೆ ದಾರಿಗೆ ಹೋಗಬಹುದು. ಪದ ಒಂದೇ, ಯಾರು ಯಾರಿಗೆ ಹೇಳಿದ್ರು ಅನ್ನೋದರಲ್ಲಿ ಎಲ್ಲ ಇದೆ. ಎಡ್ವಿನ್ ಲೆಮರ್ಟ್ 1951ರಲ್ಲೇ ಎರಡು ಹಂತ ಮಾಡಿದ್ದ, ಹೆಸರು ಬೀಳೋಕೆ ಮುಂಚೆ ಮಾಡಿದ್ದು ಒಂದು, ಹೆಸರು ಬಿದ್ದ ಮೇಲೆ ‘ಹೆಂಗೂ ಕಳ್ಳ ಅಂತಾರಲ್ಲ’ ಅಂತ ಮಾಡೋದು ಇನ್ನೊಂದು. ಪುಸ್ತಕದಲ್ಲಿ ‘ಪ್ರಾಥಮಿಕ ವಿಚಲನೆ, ದ್ವಿತೀಯಕ ವಿಚಲನೆ’ ಅಂತ ಬರೆದಿರೋದು ಓದಿ ಯಾರಿಗಾದ್ರೂ ಇದು ಹೊಳೆಯತ್ತಾ? ನಾನು ‘ಹೆಸರು ಬೀಳೋ ಮುಂಚಿನ ತಪ್ಪು, ಹೆಸರು ಬಿದ್ದ ಮೇಲಿನ ತಪ್ಪು’ ಅಂತ ಬರೆದಿದೀನಿ. ಉದ್ದ ಆಯ್ತು, ಚಿಕ್ಕದು ಇದ್ದರೆ ಕೊಡಿ.

ಹೆಸರು ಬೀಳೋದು ಅಂದೆ, ಅದಕ್ಕಿಂತ ಕಷ್ಟದ್ದು ಇದೆ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿ ತೆಗೆದು ನೋಡಿ, ‘ಗಂಟಿಚೋರ್’ ಅಂತ ಒಂದು ಹೆಸರಿದೆ. ಆ ಸಮುದಾಯದ ಮಗು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬೇಕಾದ್ರೆ ಆ ಸರ್ಟಿಫಿಕೇಟ್ ಕೊಡಬೇಕು, ಅದರಲ್ಲಿ ‘ಚೋರ್’ ಅಂತ ಸರ್ಕಾರದ ಸೀಲ್ ಸಮೇತ ಇರತ್ತೆ. ಹಣೆಪಟ್ಟಿ ಅನ್ನೋದು ಬರೀ ಮಾತಿನ ಅಲಂಕಾರ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಹೆಚ್ಚಿನದು ನಾನೇನು ಹೇಳ್ಲಿ.

ಇನ್ನು ಪೊಲೀಸ್ ಕನ್ನಡ. ನಮ್ಮ ತುಮಕೂರು ಕಡೆ ಠಾಣೇಲಿ ‘ಮೊ.ನಂ.’ ಅಂತ ಬರೀತಾರೆ, ಮೊಕದ್ದಮೆ ನಂಬರ್. ಇಲ್ಲಿ ‘ಗುನ್ನೆ ನಂಬರ್’ ಅಂತಾರೆ. ಗುನ್ನೆ ಬಂದದ್ದು ಫಾರ್ಸಿಯ ಗುನಾಹ್‌ನಿಂದ, ಅಲ್ಲಿ ಅದಕ್ಕೆ ಪಾಪ ಅನ್ನೋ ಅರ್ಥವೂ ಇದೆ, ಮರಾಠಿ ಗುನ್ಹಾ ಪಕ್ಕದಲ್ಲೇ ಇದೆ. ನಮ್ಮ ‘ಅಪರಾಧ’ಕ್ಕೂ ಎರಡು ಮುಖ, ‘ಅಪರಾಧ ಆಯ್ತು ಕ್ಷಮಿಸಿ’ ಅಂತ ದೊಡ್ಡೋರ ಮುಂದೆ ಹೇಳೋದೂ ಅದೇ, ಕೊಲೆ ಕೇಸೂ ಅದೇ. ಕಳವಿಗೆ ಇಲ್ಲಿ ‘ತುಡುಗು’ ಅಂತಾರೆ, ಬೇರೆಯವರ ಹೊಲಕ್ಕೆ ನುಗ್ಗಿ ಮೇಯೋ ಚಾಳಿ ಬಿದ್ದ ದನಕ್ಕೂ ‘ತುಡುಗು ದನ’ ಅಂತಾರೆ. ನನಗೆ ಈ ಪದ ತುಂಬ ಹಿಡಿಸ್ತು. ಚಿಕ್ಕ ಹುಡುಗರ ಸಣ್ಣಪುಟ್ಟ ತಪ್ಪುಗಳನ್ನ ಇಂಗ್ಲಿಷಲ್ಲಿ ಡೆಲಿಂಕ್ವೆನ್ಸಿ ಅಂತಾರಲ್ಲ, ಅದಕ್ಕೆ ‘ತುಡುಗುತನ’ ಆಗತ್ತಾ, ಅಥವಾ ಉತ್ತರ ಕರ್ನಾಟಕದಲ್ಲಿ ಇದು ತೀರಾ ಬೈಗುಳವಾಗಿ ಕೇಳತ್ತಾ? ಧಾರವಾಡ, ಬೆಳಗಾವಿ ಕಡೆಯೋರು ಹೇಳಬೇಕು. ‘ಬಾಲಾಪರಾಧಿ’ ನಾನು ಬಳಸಲ್ಲ. 1986ರ ಕಾಯ್ದೇಲಿ ಇದ್ದ ಡೆಲಿಂಕ್ವೆಂಟ್ ಅನ್ನೋ ಪದನ 2000ದ ಕಾಯ್ದೆಲೇ ಬಿಟ್ಟಿದಾರೆ, ಈಗ ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’. ಬಾಯಿಗೆ ಭಾರ ನಿಜ, ಆದರೆ ಮೊದಲು ಮಗು ಅಂತ ಒಪ್ಕೊಳ್ಳತ್ತೆ, ಆ ಭಾರ ಹೊರೋಣ.

ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ಟನ್ 1938ರಲ್ಲಿ ಹೇಳಿದ್ದು ಇದು, ಸಮಾಜ ಎಲ್ಲರಿಗೂ ದುಡ್ಡು ಮಾಡಿ ಮೇಲೆ ಬನ್ನಿ ಅಂತ ಆಸೆ ಹುಟ್ಟಿಸತ್ತೆ, ಏಣಿ ಮಾತ್ರ ಕೆಲವರಿಗೇ ಕೊಡತ್ತೆ. ಆಸೆಗೂ ಏಣಿಗೂ ನಡುವಿನ ಈ ‘ಸ್ಟ್ರೇನ್’ಗೆ ಒತ್ತಡ ಅಂದ್ರೆ ಆಫೀಸಿನ ಟೆನ್ಷನ್ ಆಗಿಬಿಡತ್ತೆ, ‘ಜಗ್ಗಾಟ’ ಹೇಗೆ? ಅದೇ ಮರ್ಟನ್ ‘ಇನ್ನೊವೇಷನ್’ ಅಂತ ಕರೆದದ್ದಕ್ಕೆ ‘ಆವಿಷ್ಕಾರ’ ಅಂತ ಒಬ್ಬರು ಬರೆದದ್ದು ನೋಡಿದೆ, ಓದಿದ ಹುಡುಗರು ಸಿ.ವಿ. ರಾಮನ್ ಲೆವೆಲ್ಲಿಗೆ ಯೋಚಿಸ್ತಾರೆ. ಗುರಿ ಎಲ್ಲರದ್ದೇ, ದಾರಿ ಮಾತ್ರ ಬೇರೆ, ಅಂದ್ರೆ ‘ಅಡ್ಡದಾರಿ’. ಇದರ ಬಗ್ಗೆ ನನಗೆ ಅನುಮಾನ ಇಲ್ಲ.

ಸದರ್‌ಲ್ಯಾಂಡ್ ಅನ್ನೋ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಹೇಳಿದ್ದು ಅಪರಾಧ ಕಲಿಯೋ ವಿದ್ಯೆ ಅಂತ, ಹತ್ತಿರದೋರ ಜೊತೆ ಇದ್ದು ಇದ್ದು ಕೆಲಸದ ವರಸೇನೂ ಕಲೀತಾರೆ, ಅದು ಸರಿ ಅನ್ನೋ ಮನಸ್ಸನ್ನೂ ಕಲೀತಾರೆ. ಎಲ್ಲರೂ ಇದಕ್ಕೆ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಅಂತ ಗಾದೆ ಹೇಳಿ ಮುಗಿಸ್ತಾರೆ. ಅರ್ಧ ಸರಿ ಅಷ್ಟೇ. ಗಾದೇಲಿ ಸನ್ಯಾಸಿ ಒಳ್ಳೇವನು, ಸಹವಾಸ ಕೆಟ್ಟದ್ದು. ಸದರ್‌ಲ್ಯಾಂಡ್ ಪ್ರಕಾರ ಸೂಟು ಬೂಟು ಹಾಕಿದ ಕಂಪನಿ ಬಾಸುಗಳೂ ತಮ್ಮ ತಮ್ಮಲ್ಲೇ ಇದನ್ನ ಕಲೀತಾರೆ, 1939ರಲ್ಲಿ ವೈಟ್ ಕಾಲರ್ ಕ್ರೈಮ್ ಅಂತ ಹೇಳಿದ್ದೂ ಅವನೇ. ಅದಕ್ಕೆ ನಾನು ‘ಸಂಭಾವಿತರ ಅಪರಾಧ’ ಅಂತ ಹಾಕಿದೀನಿ. ‘ಶ್ವೇತವಸನ’ ಅಂದ್ರೆ ಸನ್ಯಾಸಿನಿ ನೆನಪಾಗ್ತಾಳೆ.

ಕೊನೇದು ‘ಕಾರಣ’ ಅನ್ನೋ ಪದ. ಅಪರಾಧಕ್ಕೆ ಕಾರಣ ಅಂತ ಪಾಠ ಶುರು ಮಾಡಿದ್ರೆ ‘ಹಾಗಾದ್ರೆ ಅವನದ್ದೇನೂ ತಪ್ಪಿಲ್ವಾ ಮೇಡಂ’ ಅಂತ ಒಬ್ಬಳಾದ್ರೂ ಕೇಳ್ತಾಳೆ, ಪ್ರತಿ ವರ್ಷ. ಯಾಕಂದ್ರೆ ಕನ್ನಡದಲ್ಲಿ ‘ಕಾರಣ ಹೇಳಬೇಡ’ ಅಂದ್ರೆ ನೆಪ ಹೇಳಬೇಡ ಅಂತ. ಕಾರಣ ಬೇರೆ, ಸಬೂಬು ಬೇರೆ ಅಂತ ಬಿಡಿಸಿ ಹೇಳ್ಬೇಕಾಗತ್ತೆ. ಸಬೂಬಿಗೂ ಒಂದು ಥಿಯರಿ ಇದೆ, 1957ರಲ್ಲಿ ಸೈಕ್ಸ್ ಮತ್ತು ಮಾಟ್ಜ ಬರೆದದ್ದು, ಪುಸ್ತಕದ ಕನ್ನಡದಲ್ಲಿ ‘ತಟಸ್ಥೀಕರಣ ತಂತ್ರಗಳು’, ಐದು. ನಾನು ಅದನ್ನ ಹುಡುಗರ ಬಾಯಿಂದಲೇ ಹೇಳಿಸಿದೆ: ನಂದೇನಿದೆ ಪರಿಸ್ಥಿತಿ ಹಂಗಿತ್ತು, ಯಾರಿಗೇನು ನಷ್ಟ ಆಯ್ತು, ಅವನಿಗೆ ಹಂಗೇ ಆಗ್ಬೇಕು, ನೀವೇನು ಸಾಚಾನಾ, ದೋಸ್ತಿಗೋಸ್ಕರ ಮಾಡ್ದೆ. ಐದಕ್ಕೂ ಐದು ಬಂದ್ವು, ಹತ್ತು ನಿಮಿಷದಲ್ಲಿ. ತಟಸ್ಥೀಕರಣ ಅಂದಿದ್ರೆ ಒಂದು ಗಂಟೆ ಆದರೂ ತಟಸ್ಥವಾಗೇ ಕೂತಿರ್ತಿದ್ರು. ‘ಸಬೂಬು ಸಿದ್ಧಾಂತ’ ಅಂತ ಪರೀಕ್ಷೆ ಪೇಪರಲ್ಲಿ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರೇನೋ ಅನ್ನೋ ಭಯ ಮಕ್ಕಳಿಗೆ, ಈ ಬಳಗದಲ್ಲಿ ಪೇಪರ್ ವ್ಯಾಲ್ಯುಯೇಷನ್ ಮಾಡೋ ಮೇಷ್ಟ್ರುಗಳು ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು ಚಿಕ್ಕ ಬೇಡಿಕೆ. ಪೇಪರು ಟೀವಿಲಿ ಒಬ್ಬನನ್ನ ಹಿಡಿದ ದಿನವೇ ‘ಖತರ್ನಾಕ್ ಕಳ್ಳ’ ಅಂತ ಬರೀತಾರೆ, ಆರೋಪಿ ಅನ್ನೋ ಒಳ್ಳೇ ಪದ ಇದ್ದೂ. ನೋಟ್ಸಲ್ಲಿ ನಾನು ‘ಅಪರಾಧಿ’ ಅನ್ನೋದನ್ನ ಶಿಕ್ಷೆ ಆದೋರಿಗೆ ಮಾತ್ರ ಇಟ್ಟಿದೀನಿ, ಉಳಿದ ಕಡೆ ‘ಅಪರಾಧ ಮಾಡಿದಾತ’. ಒಂದು ಪದದ ಜಾಗದಲ್ಲಿ ಎರಡು ಪದ, ಆದರೆ ಅವನು ಇನ್ನೂ ಬೇರೆ ಏನೇನೋ ಮಾಡಿದಾತನೂ ಆಗಿರಬಹುದು ಅನ್ನೋದಕ್ಕೆ ಜಾಗ ಉಳಿಯತ್ತೆ. ಸ್ತ್ರೀಲಿಂಗ, ಬಹುವಚನ ಎಲ್ಲ ಬಂದಾಗ ವಾಕ್ಯ ಎಳೆಯತ್ತೆ, ಇದಕ್ಕೆ ಯಾರಾದ್ರೂ ಅಚ್ಚುಕಟ್ಟಾದ ಒಂದು ಪದ ಕಟ್ಟಿಕೊಟ್ರೆ ಉಪಕಾರ ಆಗತ್ತೆ.

ಆಮೇಲೆ ಹಣೆಪಟ್ಟಿ ಅನ್ನೋ ಪದ ಕೊಟ್ಟ ಆ ಹುಡುಗ ಕೇಳಿದ್ದೊಂದು ಪ್ರಶ್ನೆ ಇನ್ನೂ ಹಾಗೇ ಇದೆ. 1952ರಲ್ಲಿ ಆ ಅಪರಾಧಿ ಬುಡಕಟ್ಟುಗಳ ಪಟ್ಟಿಯಿಂದ ತೆಗೆದೋರನ್ನ ಸರ್ಕಾರ ‘ವಿಮುಕ್ತ’ ಅಂತ ಕರೆಯತ್ತೆ. ಹಣೆಪಟ್ಟಿ ಕಟ್ಟೋದು, ಹಚ್ಚೋದು, ಅಂಟಿಸೋದು ಅಂತ ಮೂರು ಮಾತಿದೆ, ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅಂತ ಗಾದೇನೂ ಇದೆ, ಅದನ್ನ ತೆಗೆಯೋದಕ್ಕೆ ಜನರ ಬಾಯಲ್ಲಿರೋ ಮಾತು ಯಾವುದು ಮೇಡಂ ಅಂದ. ಬಿಚ್ಚು, ಕಳಚು ಅಂದೆ, ಅವನಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ನಿಮ್ಮ ಊರಲ್ಲಿ, ನಿಮ್ಮ ಅಜ್ಜಿ ತಾತಂದಿರ ಮಾತಲ್ಲಿ, ಹೋದ ಹೆಸರು ವಾಪಸ್ ಬಂತು ಅನ್ನೋದಕ್ಕೆ ಏನಂತಾರೆ? ಗಾದೆ ಇದ್ದರಂತೂ ತಪ್ಪದೇ ಬರೀರಿ, ಸೋಮವಾರ ಅವರ ಕ್ಲಾಸ್ ಇದೆ.