ಶನಿವಾರದ ಸಮಸ್ಯೆ: ಆರಿದ ಒಲೆ, ಬಿಸಿ ಅನ್ನ

ಕಾಫಿಗಿಡ: ತಗೊಳ್ಳಿ, ಈ ವಾರದ ಸಾಲು. ಇದೇ ಕೊನೆಸಾಲಾಗುವಂತೆ ಪದ್ಯ ಕಟ್ಟಿ, ಭಾಮಿನಿ ಷಟ್ಪದಿಯಲ್ಲೇ ಬರಲಿ.

ಒಲೆಯನಾರಿಸಿದಾಗ ಬೆಂದಿತು ನೋಡು ಬಿಸಿಯನ್ನ

ಕುಕ್ಕರ್, ಕೆಂಡ ಅಂತ ಯಾರೂ ಬರಬೇಡಿ.

ಹೇಮಾವತಿ ದಂಡೆ: ಅಯ್ಯೋ, ಕುಕ್ಕರಿನದೇ ಬರೆದಿಟ್ಟಿದ್ದೆ!

ಹಾಸನದ ಮೇಷ್ಟ್ರು: ಪಾಠ ಮಾಡುವ ಚಾಳಿ ಬಿಡಲಿಲ್ಲ. ಜೀವಕೋಶದ ಅಡುಗೆಮನೆಗೇ ಹೋದೆ.

ನಲುಗಿ ಕೋಶವು ಹಸಿದ ಹೊತ್ತಲಿ
ಕೆಲಸವೆಲ್ಲವ ತಡೆದು ನಿಲಿಸಿತು
ಕಲಿತ ಕೈಯಲಿ ರಂಜಕದ ಬೀಗವನು ಜಡಿದಿತ್ತು |
ಹಲವು ಚೀಟಿಗಳೋದದುಳಿದವು
ಗೆಲುವ ಚೀಟಿಯನೊಂದನೋದಿತು
ಒಲೆಯನಾರಿಸಿದಾಗ ಬೆಂದಿತು ನೋಡು ಬಿಸಿಯನ್ನ ||

ಮಲೆನಾಡ ಮಾವ: ಭೇಷ್.

ಬೇಲೂರು ಭಾಮಿನಿ: ಮೇಷ್ಟ್ರೇ, ‘ರಂಜಕ’ ಒಪ್ಪುವುದಿಲ್ಲ. ರಂಜಕ ಅಂದರೆ ಫಾಸ್ಫರಸ್. ಪ್ರೋಟೀನ್ ತಯಾರಿ ಶುರುಮಾಡಿಸುವ ಇಐಎಫ್2 ಅನ್ನುವ ಪ್ರೋಟೀನಿನ ಆಲ್ಫಾ ಭಾಗದ 51ನೇ ಸೆರೀನಿಗೆ (ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲೊಂದು) ಅಂಟುವುದು ಫಾಸ್ಫೇಟ್. ಮಾತ್ರೆ ಕೂಡಿಸಲು ಆಮ್ಲಜನಕವನ್ನೇ ಉದುರಿಸಿಬಿಟ್ಟಿರಿ.

ಹಾಸನದ ಮೇಷ್ಟ್ರು: ‘ಮಳೆ’ಗೆ ‘ತಲೆ’ ಪ್ರಾಸ ಕೂಡಿಸಿದವರು ಆಮ್ಲಜನಕ ಎಣಿಸುತ್ತಿದ್ದೀರಿ! ಫಾಸ್ಫೇಟನ್ನು ಅಲ್ಲಿ ಕೂರಿಸಿ ತೋರಿಸಿ ತಾಯಿ.

ಬೇಲೂರು ಭಾಮಿನಿ: ‘ಮಳೆ’ ವಿಷಯ ಮೂರು ವರ್ಷದ ಹಿಂದಿನದು. ಇಗೋ:

ಕಲೆತ ಫಾಸ್ಫೇಟೆಂಬ ಬೀಗವು ಬಿಗಿದು ಕೂತಿತ್ತು

ಹಾಸನದ ಮೇಷ್ಟ್ರು: ‘ಕಲೆತ’ ಸುಮ್ನೆ ಪ್ರಾಸಕ್ಕೆ ತುರುಕಿದ್ದು.

ಬೇಲೂರು ಭಾಮಿನಿ: ನಿಮ್ಮ ‘ಕಲಿತ ಕೈ’ ಯಾವ ಶಾಲೆಯಲ್ಲಿ ಕಲಿತದ್ದು?

ಹಾಸನದ ಮೇಷ್ಟ್ರು: ಜಿಸಿಎನ್2 ಅಂತ ಒಂದು ಕಿಣ್ವ. ಅಮೈನೋ ಆಮ್ಲ ಹೊರದೆ ಖಾಲಿ ತಿರುಗುವ ಟಿಆರ್‌ಎನ್‌ಎ ಕಂಡರೆ ಸಾಕು, ಬೀಗ ಜಡಿಯುತ್ತದೆ. ಅದಕ್ಕೇ ‘ಹಸಿದ’ ಅಂದದ್ದು. ಓದಿ ನೋಡಿ.

ಮಲೆನಾಡ ಮಾವ: ಜಗಳ ಆಮೇಲೆ ಆಡಿ. ಬೀಗ ಬಿದ್ದ ಮೇಲೆ ಒಂದು ಚೀಟಿ ಮಾತ್ರ ಹೇಗೆ ಓದಿತು?

ಹಾಸನದ ಮೇಷ್ಟ್ರು: ಚೀಟಿ ಅಂದರೆ ಎಂಆರ್‌ಎನ್‌ಎ, ಅದೇ ರಸ್ತೆ. ಅದನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮು ಹಾಸನ ಬಿಟ್ಟ ಬಸ್ಸು ಅಂದುಕೊಳ್ಳಿ ಮಾವ. ಇಐಎಫ್2 ಅದರ ಕಂಡಕ್ಟರ್. ಮೊದಲ ಸ್ಟಾಪಿನಲ್ಲೇ ಕಂಡಕ್ಟರ್ ಇಳಿದುಹೋಗುತ್ತಾನೆ. ಹೊಸಬ ಬೇಗ ಹತ್ತಿದರೆ ಟ್ರಿಪ್ಪು ಬೇಲೂರಿಗೇ ಮುಗಿಯುತ್ತದೆ. ಬೀಗ ಬಿದ್ದಾಗ ಕಂಡಕ್ಟರುಗಳೇ ಕಮ್ಮಿ. ಹೊಸಬ ಹತ್ತುವಷ್ಟರಲ್ಲಿ ಬಸ್ಸು ಬೇಲೂರು ದಾಟಿರುತ್ತದೆ, ಚಿಕ್ಕಮಗಳೂರು ಮುಟ್ಟುತ್ತದೆ. ಆ ಚಿಕ್ಕಮಗಳೂರೇ ಎಟಿಎಫ್4 ಅನ್ನುವ ಪ್ರೋಟೀನು. ಅಮೈನೋ ಆಮ್ಲ ತಯಾರಿಸುವ, ಹೊರಗಿನಿಂದ ತರುವ ಜೀನುಗಳನ್ನು ಅದು ಎಬ್ಬಿಸುತ್ತದೆ.

ಹೇಮಾವತಿ ದಂಡೆ: ಬೇಲೂರು ಸ್ಟ್ಯಾಂಡಿನಲ್ಲಿ ನಿಲ್ಲಿಸದೆ ಹೋದ ಬಸ್ಸು ನಾನಂತೂ ಕಂಡಿಲ್ಲ. ಡ್ರೈವರ್ ಟೀ ಕುಡಿಯಬೇಡವಾ?

ಬೇಲೂರು ಭಾಮಿನಿ: ನಮ್ಮೂರನ್ನೇ ದಾಟಿಸಿದ್ದು ಬೇಕೆಂದೇ ಅಲ್ವಾ? ಇರಲಿ. ಇನ್ನೊಂದು ತಪ್ಪಿದೆ. ಪ್ರೋಟೀನ್ ತಯಾರಿ ಪೂರ್ತಿ ನಿಲ್ಲುವುದಿಲ್ಲ, ಜಾಸ್ತಿ ಪಾಲು ತಗ್ಗುತ್ತದೆ ಅಷ್ಟೇ. ಒಲೆ ‘ಆರಿಸಿದ್ದು’ ಅಲ್ಲ, ಉರಿ ಸಣ್ಣ ಮಾಡಿದ್ದು.

ಕಾಫಿಗಿಡ: ಅಕ್ಕಾ, ಆ ಸಾಲು ನನ್ನದು. ಅದಕ್ಕೆ ಕೈ ಹಾಕಬೇಡಿ.