ನೆರೆಯಲ್ಲಿ ನಿಂತ ನೀರವಂಜಿ ಮರ ಕಡಿಯಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು):
ನಮಸ್ಕಾರ ಮೇಡಂ. ನಮ್ಮ ತೋಟದ ಕೆಳಗೆ ತುಂಗಾ ಹೊಳೆ ಅಂಚಿಗೆ ಮೂರು ನೀರವಂಜಿ ಮರ ಇವೆ. ಈ ಸಲ ಆಶ್ಲೇಷ ಮಳೆಗೆ ಹೊಳೆ ಉಕ್ಕಿ ಒಂಬತ್ತು ದಿನ ಬುಡ ನೀರಲ್ಲೇ ಇತ್ತು. ಈಗ ಎಲೆ ಹಳದಿಯಾಗಿ ಉದುರ್ತಾ ಇದೆ. ಒಂದು ಮರ ಹೊಳೆ ಕಡೆ ವಾಲಿದೆ, ಬುಡಕ್ಕೆ ಮೊಣಕಾಲುದ್ದ ಗೋಡುಮಣ್ಣು ಕೂತಿದೆ. ಕೊಳೆತು ಬೀಳೋದರೊಳಗೆ ಕಡಿದುಬಿಡಿ ಅಂತಾರೆ ಮನೆಯಲ್ಲಿ. ಏನು ಮಾಡಲಿ?

ಉತ್ತರ (ಹೊಳೆದಂಡೆ ಗಿಡಗಳ ನರ್ಸರಿ ನಡೆಸುವವರು, ಅರಣ್ಯಶಾಸ್ತ್ರ ಓದಿದವರು):
ನಮಸ್ಕಾರ ಅಣ್ಣಾ. ದಯವಿಟ್ಟು ಕಡಿಯಬೇಡಿ. ಮೊದಲು ಒಂದು ಕೊಂಬೆಯ ತೊಗಟೆ ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಎಲೆ ಉದುರಿಸುವುದು ಸಾವಿನ ಲಕ್ಷಣವೇ ಆಗಬೇಕಿಲ್ಲ, ಬೇರಿಗೆ ಕಷ್ಟವಾದಾಗ ಮರ ಖರ್ಚು ಕಮ್ಮಿ ಮಾಡಿಕೊಳ್ಳುವ ರೀತಿ ಅದು.

ನೀರವಂಜಿ ಅಂದರೆ ನಮ್ಮ ನಾಡಿನ ವಿಲೋ, ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ. ಕಾಶ್ಮೀರದಲ್ಲಿ ಕ್ರಿಕೆಟ್ ಬ್ಯಾಟ್ ಮಾಡುವ ಮರ ಇದರ ದಾಯಾದಿ. ನೆರೆ ಇಳಿದ ಮೇಲೆ ಕಾಂಡದಲ್ಲಿ ನೀರು ನಿಂತಿದ್ದ ಮಟ್ಟವನ್ನು ಹತ್ತಿರದಿಂದ ನೋಡಿ. ತೊಗಟೆ ಸೀಳಿಕೊಂಡು ತೆಂಗಿನ ನಾರಿನ ಜುಟ್ಟಿನಂಥ ಬೇರು ಹೊರಟಿರಬಹುದು. ಈ ಬೇರಿನ ಮೊಳಕೆಗಳು ಮೊದಲೇ ತೊಗಟೆಯಡಿ ಮಲಗಿರುತ್ತವೆ. ನೀರು ಮುಟ್ಟಿದ ಕೆಲವೇ ದಿನಕ್ಕೆ ಎದ್ದು ಬರುತ್ತವೆ.

ಪ್ರಶ್ನೆ ಕೇಳಿದವರು:
ಹೌದು ಮೇಡಂ, ಕೆಂಪು ಜುಟ್ಟು ಇದೆ! ಕೊಳೆ ಅಂದುಕೊಂಡಿದ್ದೆ. ಆದರೆ ಅದೇ ನೀರಿಗೆ ಪಕ್ಕದ ಹಲಸು ಪೂರ್ತಿ ಒಣಗಿತಲ್ಲ?

ಉತ್ತರ:
ಹಲಸಿಗೆ ಬುಡದಲ್ಲಿ ನೀರು ನಿಲ್ಲುವುದು ಆಗಿಬರಲ್ಲ. ಬೇರೂ ಉಸಿರಾಡಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಲ್ಲಿ ಸುಮಾರು 10,000 ಪಟ್ಟು ನಿಧಾನ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ನೀರಲ್ಲೇ ನಿಂತ ಮರ ಬಾಡುವುದು ಇದಕ್ಕೇ.

ಗದ್ದೆಯಿಂದ ಒಂದು ಭತ್ತದ ಬುಡ ಕಿತ್ತು ನೋಡಿ, ಬೇರಿನ ಮೇಲೆ ತುಕ್ಕಿನ ಬಣ್ಣ ಕಾಣುತ್ತದೆ. ಎಲೆಯಿಂದ ಕೊಳವೆಯಂಥ ಸಂದುಗಳಲ್ಲಿ ಇಳಿದು ಬಂದ ಗಾಳಿ ಬೇರಿನಿಂದ ಸೋರಿ, ಕೆಸರಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿದ್ದು ಅದು. ನೀರವಂಜಿಯ ಹೊಸ ಬೇರೊಳಗೂ ಅಂಥದೇ ಗಾಳಿಯ ದಾರಿ ಇದೆ. ಕಾಂಡದ ಸಣ್ಣ ಉಸಿರುಗಂಡಿಗಳೂ ನೀರಿನ ಮಟ್ಟದಲ್ಲಿ ಉಬ್ಬಿ ದೊಡ್ಡದಾಗುತ್ತವೆ. ಹಲಸಿಗೆ ಈ ಏರ್ಪಾಟು ಇಲ್ಲ.

ಹಾಗಂತ ನೀರವಂಜಿಗೂ ಮಿತಿ ಇದೆ. ಹರಿಯುವ ನೀರಲ್ಲಿ ಆಮ್ಲಜನಕ ಸ್ವಲ್ಪ ಬರ್ತಾ ಇರುತ್ತದೆ, ತಡೆದುಕೊಳ್ಳುತ್ತದೆ. ತಲೆವರೆಗೂ ಮುಳುಗಿ ತಿಂಗಳುಗಟ್ಟಲೆ ನಿಂತ ನೀರಾದರೆ ಅದಕ್ಕೂ ಕಷ್ಟ.

ನಿಮ್ಮ ಮರಗಳಿಗೆ ಮೊದಲ ಕೆಲಸ, ಕೊಂಬೆಗೆ ಸಿಕ್ಕಿಕೊಂಡ ಕಸಕಡ್ಡಿ, ಪ್ಲಾಸ್ಟಿಕ್ ತೆಗೆಯಿರಿ. ಮುಂದಿನ ನೆರೆಯಲ್ಲಿ ನೀರಿನ ರಭಸಕ್ಕೆ ಸಿಕ್ಕಿ ಮರವನ್ನು ಎಳೆಯುವುದು ಅದೇ. ವಾಲಿದ ಮರವನ್ನು ಹಗ್ಗ ಕಟ್ಟಿ ಎತ್ತಲು ಹೋಗಬೇಡಿ, ಉಳಿದ ಬೇರೂ ಹರಿಯುತ್ತದೆ. ತಲೆಭಾರ ಮೂರರಲ್ಲಿ ಒಂದು ಪಾಲು ಇಳಿಸಿದರೆ ಸಾಕು. ಬುಡದ ಗೋಡುಮಣ್ಣು ಅಲ್ಲೇ ಇರಲಿ, ಅದರಲ್ಲೂ ಬೇರು ಬಿಡುತ್ತದೆ. ಅಡಿಕೆ ಬುಡದ್ದು ಮಾತ್ರ ಇವತ್ತೇ ಬಿಡಿಸಿ, ಬಸಿಗಾಲುವೆ ತೆರೆಯಿರಿ.

ಇನ್ನೊಬ್ಬ ಸದಸ್ಯರು (ಶಿವಮೊಗ್ಗ):
2019ರ ಆಗಸ್ಟ್ ನೆರೆಗೆ ನಮ್ಮ ದಂಡೆ ಕೊಚ್ಚಿಹೋಯ್ತು. ಆಮೇಲೆ ನೀರವಂಜಿ ಗೂಟ ನೆಟ್ಟೆ, ಒಂದೂ ಹತ್ತಲಿಲ್ಲ.

ಉತ್ತರ:
ಎಲ್ಲಿ ನೆಟ್ಟಿರಿ? ಬೇಸಗೆಯಲ್ಲೂ ತಂಪಿರುವ ಮಣ್ಣು ಬೇಕು, ದಂಡೆಯ ಮೇಲೆ ಒಣಗುತ್ತದೆ. ಹೆಬ್ಬೆರಳು ದಪ್ಪದ, ಎರಡು ಮೂರು ಅಡಿಯ ಗೂಟವನ್ನು ಹೊಸ ಚಿಗುರು ಒಡೆಯುವ ಮುಂಚೆ ಕಡಿದು, ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಇಳಿಸಿ. ಕಣ್ಣು ಮೇಲ್ಮುಖವಾಗಿರಲಿ. ಮೊದಲ ವರ್ಷ ನಾನೇ ಒಂದು ಸಾಲು ತಲೆಕೆಳಗು ನೆಟ್ಟಿದ್ದೆ. ಅವತ್ತಿಂದ ಬುಡದ ತುದಿಯನ್ನು ಓರೆಯಾಗಿ, ತಲೆಯನ್ನು ಚಪ್ಪಟೆಯಾಗಿ ಕಡಿಯುತ್ತೇನೆ. ದನ ಬಾಯಿ ಹಾಕದಂತೆ ಒಂದೆರಡು ಮಳೆಗಾಲ ಮುಳ್ಳುಬೇಲಿ ಬೇಕು. ನೆರೆಗೆ ಮುರಿದ ಹಸಿ ಕೊಂಬೆಗಳು ಕೆಳಗಿನ ಮರಳಿನಲ್ಲಿ ಸಿಕ್ಕಿ ತಾವೇ ಬೇರೂರುವುದೂ ಉಂಟು, ಅವನ್ನು ಕಸ ಅಂತ ಎಸೆಯಬೇಡಿ.

ಪ್ರಶ್ನೆ ಕೇಳಿದವರು:
ಮನೆಯಲ್ಲಿ ಓದಿ ಹೇಳಿದೆ ಮೇಡಂ. ಕತ್ತಿ ಒಳಗಿಟ್ಟಾಯ್ತು. ಮೇಲಿನ ದರೆಯೂ ಸ್ವಲ್ಪ ಬಿರುಕು ಬಿಟ್ಟಿದೆ, ಅಲ್ಲಿಗೂ ಇದೇ ನೆಡಬಹುದಾ?

ಉತ್ತರ:
ಬೇಡ ಅಣ್ಣಾ. ದರೆ ಕುಸಿತ ತಡೆಯುವುದು ನೀರವಂಜಿಗೆ ಆಗುವ ಕೆಲಸವಲ್ಲ. ಅಲ್ಲಿ ಮೊದಲು ಮಳೆನೀರು ಬಿರುಕಿಗೆ ಇಳಿಯದ ಹಾಗೆ ಮೇಲಿಂದಲೇ ತಿರುಗಿಸಿ, ದರೆ ಕೆಳಗೆ ಯಾರೂ ಓಡಾಡದ ಹಾಗೆ ನೋಡಿಕೊಳ್ಳಿ. ಬಿರುಕಿನ ಫೋಟೋ ಹಾಕಿ.