ತಮ್ಮನ ಇಂಜಿನಿಯರಿಂಗ್ ಫೀಸ್ ಸೈನ್ಯವೇ ಕಟ್ಟುತ್ತಾ? ಎನ್‌ಡಿಎ, ಟಿಇಎಸ್ ಗೊತ್ತಿರುವವರು ಸ್ವಲ್ಪ ಹೇಳಿ

ಆಲೂರಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಆಲೂರು ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಹಾಸನದಲ್ಲಿ ಸೆಕೆಂಡ್ ಪಿಯುಸಿ, ಪಿಸಿಎಂಬಿ. ಹುಷಾರಿದ್ದಾನೆ, ಆದರೆ ಸಿಇಟಿಯಲ್ಲಿ ದೊಡ್ಡ ರ್‍ಯಾಂಕ್ ಬಂದೇ ಬರುತ್ತೆ ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ಎರಡು ವರ್ಷದಿಂದ ಶುಂಠಿ ಕೈ ಕೊಟ್ಟಿದೆ. ಒಂದು ವರ್ಷ ಕೊಳೆ ರೋಗ, ಇನ್ನೊಂದು ವರ್ಷ ಬೆಳೆ ಇತ್ತು, ರೇಟ್ ಇರಲಿಲ್ಲ. ಅಪ್ಪ ಇನ್ನೂ ಸೊಸೈಟಿ ಸಾಲ ತೀರಿಸುತ್ತಿದ್ದಾರೆ. ನಾನು ಡಿಗ್ರಿ ಮುಗಿಸಿ ಹಾಸನದಲ್ಲೇ ಆಡಿಟರ್ ಆಫೀಸಿನಲ್ಲಿದ್ದೇನೆ, ಬರುವ ಸಂಬಳ ಅವನ ಹಾಸ್ಟೆಲ್‌ಗೂ ನನ್ನ ಪಿಜಿಗೂ ಸರಿಹೋಗುತ್ತೆ.

ಹೋದ ತಿಂಗಳು ಚಿಕ್ಕಪ್ಪನ ಮನೆ ಗೃಹಪ್ರವೇಶಕ್ಕೆ ಅಮೆರಿಕದಿಂದ ಭಾವ ಬಂದಿದ್ದರು. ಅಲ್ಲಿ ಅವರ ಪಕ್ಕದ ಮನೆ ಹುಡುಗ ಆರ್‌ಒಟಿಸಿ ಅಂತ ಏನೋ ಸೇರಿದ್ದಾನಂತೆ, ಮಾಮೂಲಿ ಯೂನಿವರ್ಸಿಟಿಯಲ್ಲೇ ಓದುತ್ತಾನೆ, ಫೀಸ್ ಸೈನ್ಯ ಕಟ್ಟುತ್ತೆ, ಮುಗಿದ ಮೇಲೆ ಕೆಲವು ವರ್ಷ ಆಫೀಸರ್ ಆಗಿ ಕೆಲಸ ಮಾಡಬೇಕು. ಇದನ್ನು ಕೇಳಿದಾಗಿನಿಂದ ತಮ್ಮನ ತಲೆಯಲ್ಲಿ ಅದೇ. ಅಮ್ಮ ಸೈನ್ಯ ಅಂದ ಕೂಡಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಅಪ್ಪ ಮಾತ್ರ, "ದುಡ್ಡು ಬೇಡ ಅನ್ನೋರು ಇನ್ನೇನೋ ಕೇಳ್ತಾರೆ, ಏನು ಅಂತ ವಿಚಾರಿಸು" ಅಂದರು.

ನಮ್ಮಲ್ಲಿ ಅಂಥದ್ದು ಇದೆಯಾ? ಇದ್ದರೆ ಯಾವ ಪರೀಕ್ಷೆ, ನಿಜವಾಗಿಯೂ ಎಷ್ಟು ಖರ್ಚು, ಮಧ್ಯದಲ್ಲಿ ಬಿಟ್ಟು ಬಂದರೆ ಏನಾಗುತ್ತೆ? ಅಗ್ನಿವೀರ್ ಅಂದರೆ ಇದೇನಾ ಅಂತಲೂ ನನಗೆ ಗೊತ್ತಿಲ್ಲ, ಬೈಯಬೇಡಿ.

ಮಾಜಿ ಸುಬೇದಾರ್, ಅರಕಲಗೂಡು:

ಬೈಯೋದು ಯಾಕಮ್ಮ, ಗೊತ್ತಿಲ್ಲದೆ ಮಗನನ್ನು ಯಾವುದೋ ಲೈನಿನಲ್ಲಿ ನಿಲ್ಲಿಸಿ ಆಮೇಲೆ ನನ್ನ ಹತ್ತಿರ ಬರುವವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಅಗ್ನಿವೀರ್ ವಿಷಯ ಮುಗಿಸೋಣ. ಅದು 2022ರಲ್ಲಿ ಬಂದಿದ್ದು, ಆಫೀಸರ್ ಕೆಲಸ ಅಲ್ಲ. ನಾಲ್ಕು ವರ್ಷ ಸೇವೆ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ನಿನ್ನ ತಮ್ಮ ಕೇಳುತ್ತಿರುವುದು ಬೇರೆ.

ಭಾವ ಹೇಳಿದ ಹಾಗೆ ಊರ ಕಾಲೇಜಿನಲ್ಲಿ ಓದು, ಫೀಸ್ ಸೈನ್ಯದ್ದು, ಅಂಥದ್ದು ನಮ್ಮಲ್ಲಿ ಇಲ್ಲ. ಎನ್‌ಸಿಸಿ ಇದೆ, ಅದು ಫೀಸ್ ಕಟ್ಟಲ್ಲ. ನಮ್ಮಲ್ಲಿ ಹುಡುಗನನ್ನೇ ಕರೆದುಕೊಂಡು ಹೋಗಿ ತಮ್ಮ ಅಕಾಡೆಮಿಯಲ್ಲಿ ಓದಿಸುತ್ತಾರೆ. ಪಿಯುಸಿ ಆದ ಮೇಲೆ ಇಂಜಿನಿಯರಿಂಗ್ ಬೇಕು ಅಂದರೆ ಟಿಇಎಸ್, ಅಂದರೆ ಸೈನ್ಯದ ಟೆಕ್ನಿಕಲ್ ಎಂಟ್ರಿ ಸ್ಕೀಮ್ ನೋಡಲಿ. ಪಿಸಿಎಂನಲ್ಲಿ 60 ಪರ್ಸೆಂಟ್ ಇರಬೇಕು, ಜೆಇಇ ಮೇನ್ ಬರೆದಿರಬೇಕು, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಬೇರೆ ಲಿಖಿತ ಪರೀಕ್ಷೆ ಇಲ್ಲ, ಜೆಇಇ ರ್‍ಯಾಂಕ್ ನೋಡಿ ಸೀದಾ ಎಸ್‌ಎಸ್‌ಬಿಗೆ, ಅಂದರೆ ಆಫೀಸರ್ ಆಯ್ಕೆಯ ಸಂದರ್ಶನಕ್ಕೆ ಕರೆಯುತ್ತಾರೆ. ಈಗ ಒಟ್ಟು ನಾಲ್ಕು ವರ್ಷ: ಮೂರು ವರ್ಷ ಪುಣೆ, ಮಹೂ ಅಥವಾ ಸಿಕಂದರಾಬಾದಿನ ಸೈನ್ಯದ ಇಂಜಿನಿಯರಿಂಗ್ ಕಾಲೇಜು, ಕೊನೆಯ ವರ್ಷ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ, ಐಎಂಎ. ಹೊರಗೆ ಬರುವಾಗ ಲೆಫ್ಟಿನೆಂಟ್, ಕೈಯಲ್ಲಿ ಬಿಟೆಕ್.

ನೌಕಾಪಡೆಯದ್ದೂ ಹೀಗೇ, 10+2 ಬಿಟೆಕ್ ಎಂಟ್ರಿ ಅಂತಾರೆ. ಅವರಿಗೆ ಪಿಸಿಎಂನಲ್ಲಿ 70 ಬೇಕು. ಓದು ಕಣ್ಣೂರಿನ ಹತ್ತಿರ ಎಳಿಮಲದಲ್ಲಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ಮಕ್ಕಳು ಸಿಇಟಿ ಒಂದೇ ಬರೆಯುತ್ತಾರೆ. ಜೆಇಇ ಐಐಟಿಗೆ ಹೋಗುವವರಿಗೆ, ನಮಗ್ಯಾಕೆ ಅಂತ ಫಾರ್ಮ್ ಹಾಕೋದೇ ಇಲ್ಲ. ಆಮೇಲೆ ಮೇ ತಿಂಗಳಲ್ಲಿ ಟಿಇಎಸ್ ಅಂತ ಓಡಿ ಬರುತ್ತಾರೆ. ಜೆಇಇ ಬರೆಯದಿದ್ದರೆ ಈ ಎರಡೂ ಬಾಗಿಲು ಮುಚ್ಚಿದ ಹಾಗೇ. ದೀಪಾವಳಿ ಆಸುಪಾಸಿನಲ್ಲಿ ಫಾರ್ಮ್ ಬಿಡುತ್ತಾರೆ, ಕಣ್ಣಿಟ್ಟಿರು.

ಇನ್ನು ಎನ್‌ಡಿಎ, ಅಂದರೆ ಮೂರೂ ಪಡೆಗಳಿಗೆ ಹುಡುಗರನ್ನು ತಯಾರು ಮಾಡುವ ಅಕಾಡೆಮಿ, ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿ. ಪರೀಕ್ಷೆ ಯುಪಿಎಸ್‌ಸಿ ಮಾಡುತ್ತೆ, ವರ್ಷಕ್ಕೆ ಎರಡು ಸಲ. ಗಣಿತ 300 ಅಂಕ, ಜನರಲ್ ಎಬಿಲಿಟಿ 600, ಆಮೇಲೆ ಎಸ್‌ಎಸ್‌ಬಿ 900. ಸೆಕೆಂಡ್ ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸುಮ್ನೆ ಗುರುತು ಹಾಕಿ ಬರಬೇಡ ಅಂತ ಹೇಳು.

ಚಿಕ್ಕಮಗಳೂರು ಅಮ್ಮ:

ನನ್ನ ಮಗ ಈಗ ಎನ್‌ಡಿಎಯಲ್ಲಿದ್ದಾನೆ. ದುಡ್ಡಿನ ವಿಷಯ ಹೇಳುತ್ತೇನೆ, ಇದನ್ನು ನಮಗೂ ಯಾರೂ ಸರಿಯಾಗಿ ಹೇಳಿರಲಿಲ್ಲ.

ಓದು, ಊಟ, ವಸತಿ, ಪುಸ್ತಕ, ಯೂನಿಫಾರ್ಮ್, ಔಷಧಿ ಎಲ್ಲ ಸರ್ಕಾರದ್ದು. ಇದು ನಿಜ. ಆದರೆ ಸೊನ್ನೆ ಖರ್ಚು ಅಂದುಕೊಳ್ಳಬೇಡಿ. ಸೇರುವಾಗ ಒಂದಿಷ್ಟು ಸಾವಿರ ಕಟ್ಟಿಸಿಕೊಳ್ಳುತ್ತಾರೆ, ತಿಂಗಳ ಪಾಕೆಟ್ ಮನಿ ನಾವೇ ಕಳಿಸಬೇಕು. ತೀರಾ ಕಡಿಮೆ ಆದಾಯದ ಮನೆಯವರಿಗೆ ಅದಕ್ಕೂ ಸರ್ಕಾರದ ಸಹಾಯ ಇದೆ, ಜಿಲ್ಲಾಧಿಕಾರಿ ಮೂಲಕ ಅರ್ಜಿ ಹೋಗಬೇಕು. ಇನ್ನು ಕೆಲವರು ಎನ್‌ಡಿಎಗೆ ಸೇರಿದ ದಿನದಿಂದಲೇ ಸಂಬಳ ಅಂತ ಹೇಳುತ್ತಾರೆ, ಅದು ಸುಳ್ಳು. ತಿಂಗಳಿಗೆ 56,100 ಸ್ಟೈಪೆಂಡ್ ಶುರುವಾಗುವುದು ಮೂರು ವರ್ಷ ಮುಗಿಸಿ ಐಎಂಎಗೆ ಹೋದ ಮೇಲೆ. ಅಲ್ಲಿಯವರೆಗೆ ಹುಡುಗ ಮನೆಗೆ ಒಂದು ರೂಪಾಯಿ ಕಳಿಸಲ್ಲ. ನೀವು ಸಾಲ ತೀರಿಸಲು ಅವನ ದುಡ್ಡನ್ನು ನಂಬಿಕೊಂಡಿದ್ದರೆ ಈ ಲೆಕ್ಕ ಈಗಲೇ ಹಾಕಿಕೊಳ್ಳಿ.

ಮಧ್ಯದಲ್ಲಿ ಬಿಡುವುದರ ಬಗ್ಗೆ ಕೇಳಿದಿರಿ. ಸೇರುವಾಗ ನಾವು ತಂದೆತಾಯಿ ಬಾಂಡ್‌ಗೆ ಸಹಿ ಹಾಕುತ್ತೇವೆ. ತನ್ನಿಷ್ಟದಿಂದ ಬಿಟ್ಟು ಬಂದರೆ ತರಬೇತಿಯ ಖರ್ಚನ್ನು ವಾಪಸ್ ಕೇಳಬಹುದು. ನನ್ನ ಗಂಡ ಆ ಕಾಗದವನ್ನು ಮೂರು ಸಲ ಓದಿ, ಪಹಣಿ ತಿದ್ದುಪಡಿಗೆ ಸಹಿ ಹಾಕುವ ಹಾಗೆ ಕೈ ನಡುಗಿಸುತ್ತಾ ಹಾಕಿದರು!

ಮೊದಲ ಟರ್ಮ್‌ನಲ್ಲಿ ಮಗ ಫೋನ್ ಮಾಡಿದಾಗ ಎರಡು ನಿಮಿಷ ಮಾತಾಡಿ ಸುಮ್ಮನಾಗುತ್ತಿದ್ದ. ನಿದ್ದೆ ಬಂದಿರುತ್ತಿತ್ತು ಪಾಪ. ಮಾತು ನಿಂತರೆ ನಾನು ಆ ಕಡೆ ಉಸಿರು ಕೇಳಿಸಿಕೊಳ್ಳುತ್ತಾ ಇರುತ್ತಿದ್ದೆ. ನಿಮ್ಮ ಅಮ್ಮನಿಗೆ ಧೈರ್ಯ ಹೇಳಿ, ಆದರೆ ಸುಳ್ಳು ಧೈರ್ಯ ಹೇಳಬೇಡಿ.

ಎರಡು ಸಲ ವಾಪಸ್ ಬಂದವನು:

ಫೀಸು, ಬಾಂಡು ಎಲ್ಲ ಆಮೇಲಿನ ಮಾತು. ಮೊದಲು ಎಸ್‌ಎಸ್‌ಬಿ. ನಾನು ಬೆಂಗಳೂರಿನ ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರ್‌ನಿಂದ ಎರಡು ಸಲ ಬ್ಯಾಗ್ ಹೊತ್ತು ವಾಪಸ್ ಬಂದವನು, ಆದ್ದರಿಂದ ಅಧಿಕಾರದಿಂದ ಹೇಳುತ್ತಿದ್ದೇನೆ.

ಐದು ದಿನದ ಆಯ್ಕೆ. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಜನರನ್ನು ಮನೆಗೆ ಕಳಿಸುವುದು ಮಾಮೂಲಿ. ಒಂದು ಮಸುಕಾದ ಚಿತ್ರ 30 ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ಕೂತು ಎಲ್ಲರೂ ಸೇರಿ ಒಂದೇ ಕಥೆ ಮಾಡಬೇಕು. ಅಲ್ಲಿ ಹದಿನೈದು ಜನ ಒಟ್ಟಿಗೆ ಕಿರುಚುತ್ತಾರೆ. ಹಾಸನದ ಸಂತೆಯಲ್ಲಿ ಆಲೂಗಡ್ಡೆ ಹರಾಜು ಇದಕ್ಕಿಂತ ಶಿಸ್ತಾಗಿರುತ್ತೆ. ನಾನು ಮೊದಲ ಸಲ ನನ್ನ ಸರದಿ ಬರಲಿ ಅಂತ ಮರ್ಯಾದೆಯಿಂದ ಕಾದೆ. ಸರದಿ ಬರಲೇ ಇಲ್ಲ, ಮಧ್ಯಾಹ್ನದ ಊಟ ಆದ ಮೇಲೆ ಬಸ್ ಸ್ಟ್ಯಾಂಡ್.

ಎರಡನೇ ಸಲಕ್ಕೆ ಒಂದು ಕೋಚಿಂಗ್‌ಗೆ ಹೋದೆ. ಯಾವುದು ಅಂತ ಹೇಳಲ್ಲ. "ಗ್ಯಾರಂಟಿ ಸೆಲೆಕ್ಷನ್" ಅಂತ ಬೋರ್ಡ್ ಹಾಕಿದ್ದರು, ಅದನ್ನು ನೋಡಿಯೇ ವಾಪಸ್ ಬರಬೇಕಿತ್ತು. ಯಾವ ಚಿತ್ರ ಬಂದರೂ ಹೊಂದಿಸುವ ಹಾಗೆ ಏಳೆಂಟು ಕಥೆ ಬಾಯಿಪಾಠ ಮಾಡಿಸಿದರು, ಎಲ್ಲದರಲ್ಲೂ ಒಬ್ಬ ಹುಡುಗ ಊರಿಗೆ ವೈದ್ಯಕೀಯ ಶಿಬಿರ ತರುತ್ತಾನೆ. ಸ್ಕ್ರೀನಿಂಗ್ ಹೇಗೋ ದಾಟಿದೆ. ಮಾರನೇ ದಿನ ಹನ್ನೆರಡು ಚಿತ್ರ, ಒಂದೊಂದಕ್ಕೂ ಒಂದು ಕಥೆ, ಆಮೇಲೆ ಅರವತ್ತು ಪದ, ಪ್ರತಿ ಪದಕ್ಕೆ ಹದಿನೈದು ಸೆಕೆಂಡ್. ಮೂರನೇ ಚಿತ್ರದಲ್ಲಿ ಇಬ್ಬರು ಜಗಳ ಆಡುತ್ತಿದ್ದ ಹಾಗಿತ್ತು, ಅಲ್ಲೂ ನಾನು ಶಿಬಿರ ಹಾಕಿದೆ. ಓದಿದ ಮನಃಶಾಸ್ತ್ರಜ್ಞರು ನಕ್ಕಿರಬೇಕು. ಮೈದಾನದ ಟಾಸ್ಕ್, ಹಲಗೆ ಹಗ್ಗ ಡ್ರಮ್ ಇಟ್ಟುಕೊಂಡು ದಾಟುವುದು, ಅದೆಲ್ಲ ಚೆನ್ನಾಗೇ ಮಾಡಿದೆ, ಅಡಿಕೆ ಮರ ಹತ್ತಿದವನಿಗೆ ಅದೇನು ಮಹಾ. ಆದರೂ ಐದನೇ ದಿನ ಹೆಸರು ಕರೆಯಲಿಲ್ಲ.

ನಿಮ್ಮ ತಮ್ಮನಿಗೆ ನಾನು ಹೇಳುವುದು ಎರಡು. ಇಂಗ್ಲಿಷ್ ಅರೆಬರೆ ಇದ್ದರೂ ಬಾಯಿ ಬಿಟ್ಟು ಮಾತಾಡುವ ಅಭ್ಯಾಸ ಈಗಿನಿಂದ ಮಾಡಲಿ. ಇನ್ನೊಂದು, ಮೆಡಿಕಲ್. ನನ್ನ ಬ್ಯಾಚಿನಲ್ಲಿ ಆಯ್ಕೆಯಾದ ಹುಡುಗನೊಬ್ಬನನ್ನು ಕಿವಿ ಗುಗ್ಗೆಗೆ ಮತ್ತೆ ಬಾ ಅಂದರು. ಅದು ಸರಿಹೋಗುತ್ತೆ. ಆದರೆ ಬಣ್ಣ ಗುರುತಿಸುವ ತೊಂದರೆ ಇದ್ದರೆ ಯಾರೂ ಸರಿ ಮಾಡಲಾರರು. ಫಾರ್ಮ್ ಹಾಕುವ ಮೊದಲೇ ಹಾಸನದಲ್ಲಿ ಕಣ್ಣು ತೋರಿಸಿ, ಅಷ್ಟರಲ್ಲಿ ಗೊತ್ತಾಗುತ್ತೆ.

ತೋಟದ ಮನೆ, ಮೂಡಿಗೆರೆ:

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಬೇಡ. ಎನ್‌ಡಿಎಯ ಒಂದು ಬ್ಯಾಚಿಗೆ ಸುಮಾರು 400 ಸೀಟು, ಬರೆಯುವವರು ಲಕ್ಷಗಟ್ಟಲೆ. ಫೀಸ್ ಉಳಿಸಲು ಇದನ್ನು ನಂಬಿ ಕೂರುವುದು, ಲಾಟರಿ ಟಿಕೆಟ್ ಜೇಬಲ್ಲಿಟ್ಟುಕೊಂಡು ಮನೆಗೆ ಪಾಯ ತೋಡಿಸಿದ ಹಾಗೆ. ಸಿಇಟಿ ಬರೆಯಲಿ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜ್ ಫೀಸು ನೀವು ಹೆದರುವಷ್ಟು ಇಲ್ಲ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಅಂತ ಶುರು ಮಾಡಿದರು, ಇಂಜಿನಿಯರಿಂಗ್ ಹುಡುಗರಿಗೆ ಆಗ ವರ್ಷಕ್ಕೆ 10,000. ಈಗಲೂ ಸಿಗುತ್ತಾ ಅಂತ ವಿಚಾರಿಸಿ. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಜಮೀನು ಅಡ ಇಡದೆ ಕೊಡುವ ಯೋಜನೆ ಇದೆ, ಬ್ಯಾಂಕಿನವರು ಜಮೀನಿನ ಪತ್ರ ತನ್ನಿ ಅಂದರೆ ಇಂಥ ಯೋಜನೆ ಇದೆಯಲ್ಲ ಅಂತ ಕೇಳಿ.

ಇನ್ನೊಂದು. ತರಬೇತಿಯಲ್ಲಿ ಪೆಟ್ಟಾಗಿ ಹೊರಬಿದ್ದ ಕೆಡೆಟ್‌ಗಳಿಗೆ ಮಾಜಿ ಸೈನಿಕ ಅನ್ನುವ ಹೆಸರೂ ಸಿಗುತ್ತಿರಲಿಲ್ಲ, ಸಿಗುವ ಹಣವೂ ಕಡಿಮೆ. 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಇದನ್ನು ಯಾರೂ ಪೋಸ್ಟರಿನಲ್ಲಿ ಹಾಕಲ್ಲ. ಬೆಳಿಗ್ಗೆ ಎದ್ದು ಓಡುವುದೇ ಇಷ್ಟ ಇಲ್ಲದ ಹುಡುಗನನ್ನು ಬರೀ ಫೀಸಿಗೋಸ್ಕರ ಕಳಿಸಬೇಡಿ.

ಮಾಜಿ ಸುಬೇದಾರ್, ಅರಕಲಗೂಡು:

ಮೂಡಿಗೆರೆಯವರ ಮಾತು ಒಪ್ಪಿದೆ, ಪೆಟ್ಟಾದ ಹುಡುಗರ ವಿಷಯದಲ್ಲಂತೂ ಪೂರ್ತಿ. ಆದರೆ ಸಿಇಟಿ ಬಿಡು ಅಂತ ನಾನು ಹೇಳಲಿಲ್ಲವಲ್ಲ. ಗಣಿತ ಒಂದೇ, ಪುಸ್ತಕ ಒಂದೇ. ಸಿಇಟಿ, ಜೆಇಇ, ಎನ್‌ಡಿಎ ಮೂರೂ ಬರೆಯಲಿ, ಯಾವುದು ಸಿಕ್ಕುತ್ತೋ ಅದಕ್ಕೆ ಹೋಗಲಿ.

ಆಫೀಸರ್ ಆದರೆ ಜೀವನ ಪೂರ್ತಿ ಅಲ್ಲೇ ಅಂತ ಏನಿಲ್ಲ. ಪೆನ್ಷನ್ ಬೇಕು ಅಂದರೆ 20 ವರ್ಷ, ಅದಕ್ಕೂ ಮುಂಚೆ ಬಿಡಬೇಕು ಅಂದರೆ ಅವರು ಒಪ್ಪಬೇಕು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೋಡು. ಮೇಷ್ಟ್ರ ಮಗ, ಬಿಜಾಪುರ ಸೈನಿಕ ಶಾಲೆ, ಎನ್‌ಡಿಎ, 1971ರ ಯುದ್ಧ. ಮೂವತ್ತರ ಒಳಗೇ ಸೈನ್ಯ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲಿ ತೋಟ ಮಾಡಿದರು, ಆಮೇಲೆ 2003ರಲ್ಲಿ ಏರ್ ಡೆಕ್ಕನ್. ಎಲ್ಲರೂ ವಿಮಾನ ಹಾರಿಸಲ್ಲ ಬಿಡು.

ಆಲೂರಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ತಮ್ಮ ಮನೆಗೆ ಬಂದಿದ್ದ, ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಮೂರೂ ವರ್ಷ ಸಂಬಳ ಇಲ್ಲ ಅಂದಾಗ ಅವನ ಮುಖ ಸ್ವಲ್ಪ ಸಪ್ಪಗಾಯಿತು, ಅವನಿಗೆ ನನಗೆ ದುಡ್ಡು ಕಳಿಸುವ ಆಸೆ ಇತ್ತಂತೆ. ಅಪ್ಪ ಬಾಂಡ್ ವಿಷಯ ಕೇಳಿ, "ಆಗಲಿ, ಏನು ಕೇಳ್ತಾರೆ ಅಂತ ಗೊತ್ತಾಯ್ತಲ್ಲ" ಅಂದರು. ಅವರಿಗೆ ಅದೇ ಸಮಾಧಾನ. ಅಮ್ಮನ ಜೊತೆ ಇನ್ನೂ ಮಾತಾಡಿಲ್ಲ. ಸದ್ಯಕ್ಕೆ ಮೂರೂ ಫಾರ್ಮ್ ಹಾಕುವುದು ಅಂತ ತೀರ್ಮಾನ, ಕಣ್ಣು ತೋರಿಸಲು ಶನಿವಾರ ಹೋಗುತ್ತೇವೆ. ಇವತ್ತು ಬೆಳಿಗ್ಗೆ ಮಳೆಯಲ್ಲೇ ಓಡಲು ಹೋಗಿದ್ದ, ಜಿಗಣೆ ಕಚ್ಚಿಸಿಕೊಂಡು ಬಂದಿದ್ದಾನೆ.

ಇಷ್ಟೆಲ್ಲ ಓದುವಾಗ ಒಂದು ಡೌಟ್ ಬಂತು. ನನಗೆ ಈಗ 22. ಕಾಲೇಜಿನಲ್ಲಿ ಮೂರು ವರ್ಷ ಎನ್‌ಸಿಸಿಯಲ್ಲಿದ್ದೆ, ಸಿ ಸರ್ಟಿಫಿಕೇಟ್ ಬೀರುವಿನಲ್ಲಿದೆ. ಅದಕ್ಕೇನಾದರೂ ಬೆಲೆ ಇದೆಯಾ, ಸುಮ್ನೆ ಕೇಳಿದೆ.

ಎರಡು ಸಲ ವಾಪಸ್ ಬಂದವನು:

ಅಕ್ಕ, ಇದನ್ನು ಮೊದಲೇ ಹೇಳಬಾರದಾ! ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ಇದೆ, ಹುಡುಗಿಯರಿಗೂ ಇದೆ. ಮದುವೆ ಆಗಿರಬಾರದು, ವಯಸ್ಸು 19ರಿಂದ 25, ಡಿಗ್ರಿಯಲ್ಲಿ 50 ಪರ್ಸೆಂಟ್, ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್. ಲಿಖಿತ ಪರೀಕ್ಷೆಯೇ ಇಲ್ಲ, ಸೀದಾ ಎಸ್‌ಎಸ್‌ಬಿ. ತರಬೇತಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ (ಒಟಿಎ)ಯಲ್ಲಿ, ವರ್ಷಕ್ಕೂ ಸ್ವಲ್ಪ ಕಡಿಮೆ, ಆಗಲೇ 56,100 ಸ್ಟೈಪೆಂಡ್. ಆಮೇಲೆ ಹತ್ತು ವರ್ಷದ ಸೇವೆ, ಬೇಕಿದ್ದರೆ ಇನ್ನೂ ನಾಲ್ಕು. ನನ್ನ ಹತ್ತಿರ ಆ ಸರ್ಟಿಫಿಕೇಟ್ ಇದ್ದಿದ್ದರೆ ಮೂರನೇ ಸಲವೂ ಹೋಗುತ್ತಿದ್ದೆ.

ಗ್ರೇಡ್ ಎಷ್ಟು?

ಆಲೂರಕ್ಕ:

ಎ. ಈಗಷ್ಟೇ ಬೀರು ತೆಗೆದು ನೋಡಿದೆ. ಅಮ್ಮ ಏನು ಹುಡುಕ್ತಿದೀಯ ಅಂತ ಕೇಳುತ್ತಿದ್ದಾರೆ, ಆಮೇಲೆ ಬರುತ್ತೇನೆ.